ಸಸ್ಯ ಪ್ರೋಟೀನುಗಳು ಔಷಧ ವಾಹಕಗಳಾಗಿ: ಝೀನ್, ಗ್ಲಯಾಡಿನ್ ಮತ್ತು ಕಾಫಿರಿನ್ ಕುರಿತು ಚರ್ಚೆ

ಕಣಜ ಬರೆದದ್ದು:

ಸಸ್ಯ ಪ್ರೋಟೀನುಗಳ ಸೂಕ್ಷ್ಮ ಕಣಗಳೊಳಗೆ ಔಷಧವನ್ನು ಇರಿಸಿ ದೇಹಕ್ಕೆ ತಲುಪಿಸುವ ವಿಧಾನದ ಬಗ್ಗೆ ಈ ಬಳಗದಲ್ಲಿ ಆಗಾಗ ಬಿಡಿಬಿಡಿಯಾಗಿ ಪ್ರಶ್ನೆಗಳು ಬರುತ್ತಿವೆ. ಅವನ್ನೆಲ್ಲ ಒಂದೇ ಕಡೆ ಚರ್ಚಿಸಲು ಅನುಕೂಲವಾಗಲೆಂದು ಈ ಎಳೆಯನ್ನು ತೆರೆದಿದ್ದೇನೆ. ನಾನು ಫಾರ್ಮಸಿ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ನನ್ನ ಸಂಶೋಧನೆಯ ಹೆಚ್ಚಿನ ಪಾಲು ಮೆಕ್ಕೆಜೋಳದ ಝೀನ್ ಎಂಬ ಪ್ರೋಟೀನಿನ ಮೇಲೆ ನಡೆದಿದೆ.

ಬಾಯಿಯ ಮೂಲಕ ಕೊಡುವ ಎಷ್ಟೋ ಔಷಧಗಳು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಕರಗದ ಔಷಧ ಕರುಳಿನ ಗೋಡೆಯನ್ನು ದಾಟಲಾರದೆ ಮಲದೊಂದಿಗೆ ಹೊರಬೀಳುತ್ತದೆ. ಇನ್ನು ಕೆಲವು ಔಷಧಗಳು ಜಠರದ ಆಮ್ಲಕ್ಕೆ ಸಿಕ್ಕಿ ಕರುಳನ್ನು ತಲುಪುವ ಮೊದಲೇ ಕೆಡುತ್ತವೆ. ಇಂಥವುಗಳನ್ನು ಹೊತ್ತೊಯ್ಯಲು ಜೆಲಟಿನ್, ಆಲ್ಬುಮಿನ್, ಹಾಲಿನ ಕೇಸೀನ್ ಮುಂತಾದ ಪ್ರಾಣಿಜನ್ಯ ಪ್ರೋಟೀನುಗಳನ್ನು ಬಹುಕಾಲದಿಂದ ಬಳಸಲಾಗಿದೆ. ಸಸ್ಯಗಳ ಕಡೆಯಿಂದ ಹೆಚ್ಚು ಅಧ್ಯಯನಕ್ಕೆ ಒಳಗಾದವು ಮೆಕ್ಕೆಜೋಳದ ಝೀನ್, ಗೋಧಿಯ ಗ್ಲಯಾಡಿನ್, ಸೋಯಾ ಅವರೆಯ ಗ್ಲೈಸಿನಿನ್ ಮತ್ತು ಬಟಾಣಿಯ ಲೆಗ್ಯುಮಿನ್.

ಇವುಗಳಲ್ಲಿ ಝೀನ್‌ನ ಸ್ವಭಾವ ವಿಶಿಷ್ಟವಾದದ್ದು. ಜಾನ್ ಗೋರಮ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ 1821ರಲ್ಲಿ ಇದನ್ನು ಮೆಕ್ಕೆಜೋಳದಿಂದ ಬೇರ್ಪಡಿಸಿ ಹೆಸರಿಟ್ಟರು. ಇದು ಶುದ್ಧ ನೀರಿನಲ್ಲಿ ಕರಗುವುದಿಲ್ಲ, ಶುದ್ಧ ಮದ್ಯಸಾರದಲ್ಲಿಯೂ (ಎಥನಾಲ್) ಕರಗುವುದಿಲ್ಲ. ಎರಡೂ ಬೆರೆತು ಮದ್ಯಸಾರದ ಪ್ರಮಾಣ ಸುಮಾರು ಶೇಕಡ 60ರಿಂದ 90ರ ನಡುವೆ ಇದ್ದಾಗ ಮಾತ್ರ ಚೆನ್ನಾಗಿ ಕರಗುತ್ತದೆ. ಅದರ ಅಮೈನೋ ಆಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಲ್ಯೂಸಿನ್, ಪ್ರೋಲೀನ್, ಅಲನೀನ್‌ಗಳಂತಹ ನೀರನ್ನು ಒಲ್ಲದವುಗಳಾಗಿರುವುದೇ ಇದಕ್ಕೆ ಕಾರಣ. ನಮ್ಮ ದೇಹಕ್ಕೆ ಅತ್ಯಗತ್ಯವಾದ ಲೈಸಿನ್ ಮತ್ತು ಟ್ರಿಪ್ಟೊಫಾನ್ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಪೋಷಣೆಯ ದೃಷ್ಟಿಯಿಂದ ಝೀನ್ ಬಹಳ ಕೆಳದರ್ಜೆಯ ಪ್ರೋಟೀನು. ಆದರೆ ನೀರನ್ನು ಒಲ್ಲದ ಗುಣದಿಂದಲೇ ಅದು ನೀರಿನಲ್ಲಿ ಕರಗದ ಔಷಧವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಜೀರ್ಣರಸಗಳಿಗೆ ಬೇಗ ಸಿಗದಿರುವುದರಿಂದಲೇ ಆ ಔಷಧವನ್ನು ಸ್ವಲ್ಪ ಹೊತ್ತು ಕಾಪಾಡುತ್ತದೆ. ಆಹಾರವಾಗಿ ಯಾವುದು ಕುಂದೋ ಅದೇ ಇಲ್ಲಿ ಬಂಡವಾಳ.

ಈ ಕಾರಣದಿಂದಲೇ ನನ್ನದೊಂದು ದೃಢವಾದ ಅಭಿಪ್ರಾಯವಿದೆ. ಸಸ್ಯ ಪ್ರೋಟೀನಿನ ವಾಹಕವೊಂದು ಉತ್ತಮವೋ ಅಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದದ್ದು ಅದು ಹೇಗೆ ಜೀರ್ಣವಾಗುತ್ತದೆ ಎಂಬ ಪರೀಕ್ಷೆ. ಕಣದ ಗಾತ್ರ ಎಷ್ಟು ಸಣ್ಣದು, ಒಳಗೆ ಶೇಕಡ ಎಷ್ಟು ಔಷಧ ಹಿಡಿಯಿತು ಎಂಬ ಅಂಕಿಗಳನ್ನಷ್ಟೇ ಕೊಟ್ಟು, ಜೀರ್ಣಕಿಣ್ವಗಳ ಮಾತೇ ಎತ್ತದೆ ಮುಗಿಯುವ ಪ್ರಬಂಧಗಳು ತುಂಬಾ ಇವೆ. ಬಲ್ಲವರು ತಮ್ಮ ಅಭಿಪ್ರಾಯಗಳನ್ನು ತಿಳಿಸಬೇಕಾಗಿ ವಿನಂತಿ.

ಹೊಳೆದಂಡೆ ಬರೆದದ್ದು:

ನಮಸ್ಕಾರ ಮೇಡಂ. ನಾನು ಎಂ.ಫಾರ್ಮ್ ಎರಡನೆಯ ವರ್ಷದ ವಿದ್ಯಾರ್ಥಿ. ಝೀನ್ ಕಣಗಳಲ್ಲಿ ಅರಿಶಿನದ ಹಳದಿ ಅಂಶವಾದ ಕರ್ಕ್ಯುಮಿನ್ ತುಂಬುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಶೇಕಡ 80ರ ಎಥನಾಲ್‌ನಲ್ಲಿ ಝೀನ್ ಮತ್ತು ಕರ್ಕ್ಯುಮಿನ್ ಎರಡನ್ನೂ ಕರಗಿಸಿ, ಕಲಕುತ್ತಲೇ ನೀರನ್ನು ಸೇರಿಸುತ್ತ ಹೋದಾಗ ಕಣಗಳ ಬದಲು ಹಳದಿ ಅಂಟಿನ ಮುದ್ದೆಯೊಂದು ಕಲಕುವ ಕಡ್ಡಿಗೆ ಸುತ್ತಿಕೊಳ್ಳುತ್ತಿದೆ. ಬೀಕರಿನ ಗೋಡೆಗೂ ಅಂಟಿಕೊಂಡು ತೊಳೆದರೂ ಬಿಡುವುದಿಲ್ಲ. ವೇಗ ಹೆಚ್ಚಿಸಿದರೂ ಪ್ರಯೋಜನವಾಗಲಿಲ್ಲ. ದಯವಿಟ್ಟು ದಾರಿ ತೋರಿಸಬೇಕು.

ಕಣಜ ಬರೆದದ್ದು:

ಹೊಳೆದಂಡೆ ಅವರೇ, ವೇಗಕ್ಕಿಂತ ಮೊದಲು ಸೇರಿಸುವ ದಿಕ್ಕನ್ನು ಬದಲಿಸಿ. ಪ್ರೋಟೀನಿನ ದ್ರಾವಣಕ್ಕೆ ನೀರನ್ನು ನಿಧಾನವಾಗಿ ಸೇರಿಸಿದಾಗ ಮದ್ಯಸಾರದ ಪ್ರಮಾಣ ಮೆಲ್ಲಮೆಲ್ಲನೆ ಇಳಿಯುತ್ತದೆ. ಅದು ಅರ್ಧದ ಆಸುಪಾಸಿಗೆ ಬಂದಾಗ ಝೀನ್ ಪೂರ್ತಿ ಕರಗಿಯೂ ಇರದೆ, ಪೂರ್ತಿ ಬೇರ್ಪಟ್ಟೂ ಇರದೆ ಹಲಸಿನ ಮೇಣದಂತಾಗುತ್ತದೆ. ಆ ಹಂತದಲ್ಲಿ ಹನಿಗಳು ಒಂದನ್ನೊಂದು ಮುಟ್ಟಿದರೆ ಕೂಡಿಕೊಂಡುಬಿಡುತ್ತವೆ. ಅದಕ್ಕೆ ಬದಲಾಗಿ, ಚೆನ್ನಾಗಿ ಸುಳಿಯೆದ್ದು ತಿರುಗುತ್ತಿರುವ ಹೆಚ್ಚು ನೀರಿಗೆ ಸಣ್ಣ ಸೂಜಿಯ ಮೂಲಕ ಝೀನ್ ದ್ರಾವಣವನ್ನು ಬಿಡಿ. ಆಗ ಪ್ರತಿ ಹನಿಯಲ್ಲಿರುವ ಮದ್ಯಸಾರವೂ ಒಮ್ಮೆಲೇ ನೀರಿನಲ್ಲಿ ಚದುರಿಹೋಗಿ, ಪ್ರೋಟೀನು ಮೇಣದ ಹಂತದಲ್ಲಿ ನಿಲ್ಲದೆ ನೇರವಾಗಿ ಕಣವಾಗುತ್ತದೆ. ಸರಿಯಾಗಿ ಆದರೆ ಮುದ್ದೆ ಇರುವುದಿಲ್ಲ. ಬೀಕರಿನ ನೀರು ಹಾಲು ಬೆರೆಸಿದಂತೆ ಮಂಜಾಗಿ, ಕರ್ಕ್ಯುಮಿನ್ ಇದ್ದರೆ ತಿಳಿಹಳದಿಯಾಗಿ, ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ನೀಲಿ ಛಾಯೆ ತೋರುತ್ತದೆ. ಗಾತ್ರ ಸಾಮಾನ್ಯವಾಗಿ 100ರಿಂದ 200 ನ್ಯಾನೋಮೀಟರಿನ ನಡುವೆ ಬರುತ್ತದೆ.

ಎರಡನೆಯದಾಗಿ, ನೀರಿನಲ್ಲಿ ಸ್ವಲ್ಪ ಸೋಡಿಯಂ ಕೇಸಿನೇಟ್ (ಹಾಲಿನ ಕೇಸೀನ್ ಪ್ರೋಟೀನಿನ ಲವಣ) ಇರಲಿ. ಝೀನ್‌ಗೆ ಪಿಎಚ್ (ಆಮ್ಲೀಯತೆಯ ಅಳತೆ) 6.2ರ ಸುತ್ತ ನಿವ್ವಳ ವಿದ್ಯುದಾವೇಶ ಇರುವುದಿಲ್ಲ. ಆವೇಶವಿಲ್ಲದ ಕಣಗಳು ಒಂದನ್ನೊಂದು ದೂರ ತಳ್ಳಲಾರವು. ಗುಂಪುಗೂಡಿ ತಳಕ್ಕೆ ಕೂರುತ್ತವೆ. ಕೇಸಿನೇಟ್ ಹೊದಿಕೆ ಇದ್ದರೆ ತಟಸ್ಥ ಪಿಎಚ್‌ನಲ್ಲಿ ಕಣಗಳು ಚದುರಿಕೊಂಡೇ ಇರುತ್ತವೆ. ಶೀತಲ ಶುಷ್ಕೀಕರಣ ಮಾಡಿ (ಹೆಪ್ಪುಗಟ್ಟಿಸಿ ಒಣಗಿಸಿ) ಪುಡಿಯಾಗಿಸಿದ ಮೇಲೂ ಮತ್ತೆ ನೀರಿನಲ್ಲಿ ಕದಡಲು ಬರುತ್ತದೆ. ಆದರೆ ಕೇಸಿನೇಟ್‌ನ ಆವೇಶ 4.6ರ ಹತ್ತಿರ ಇಲ್ಲವಾಗುತ್ತದೆ. ಆದ್ದರಿಂದ ಜಠರದಿಂದ ಕರುಳಿಗೆ ಹೋಗುವ ದಾರಿಯಲ್ಲಿ ನಿಮ್ಮ ಕಣಗಳು ಎಲ್ಲಿಯಾದರೊಂದು ಕಡೆ ಗುಂಪುಗೂಡುವ ಅಪಾಯ ಇದ್ದೇ ಇದೆ. ಪಿಎಚ್ 2ರಿಂದ 8ರವರೆಗೆ ಹಂತಹಂತವಾಗಿ ಗಾತ್ರವನ್ನು ಅಳೆದು ಒಂದು ನಕ್ಷೆ ಹಾಕಿ. ಆ ಒಂದು ನಕ್ಷೆ ನಿಮ್ಮ ಪ್ರಬಂಧದ ಬೆಲೆಯನ್ನು ಬಹಳ ಹೆಚ್ಚಿಸುತ್ತದೆ.

ಎಥನಾಲ್‌ಗೆ ಅಬಕಾರಿ ಪರವಾನಗಿ ಬೇಕಾಗುವುದರಿಂದ ಕೆಲವು ಕಾಲೇಜುಗಳಲ್ಲಿ ಐಸೊಪ್ರೊಪನಾಲ್ ಬಳಸುತ್ತಾರೆ. ನೀರು ಬೆರೆತ ಐಸೊಪ್ರೊಪನಾಲ್‌ನಲ್ಲಿಯೂ ಝೀನ್ ಕರಗುತ್ತದೆ. ಕೈಗಾರಿಕೆಯಲ್ಲಿ ಅದರ ಬಳಕೆ ಇದೆ. ಕೊನೆಯಲ್ಲಿ ಉಳಿಕೆಯನ್ನು ಅಳೆದು ತೋರಿಸಿದರೆ ಸಾಕು.

ನಾಡಿಮಿಡಿತ ಬರೆದದ್ದು:

ನಾನು ಜೀರ್ಣಾಂಗ ರೋಗಗಳ ವೈದ್ಯ. ಕಣಜ ಮೇಡಂ ಅವರು ಗ್ಲಯಾಡಿನ್ ಹೆಸರನ್ನು ಝೀನ್ ಪಕ್ಕದಲ್ಲಿಯೇ ಇಟ್ಟಿರುವುದರಿಂದ ಒಂದು ಎಚ್ಚರಿಕೆಯನ್ನು ದಾಖಲಿಸಬೇಕೆನಿಸಿತು. ಗೋಧಿಯ ಗ್ಲಯಾಡಿನ್ ಸೀಲಿಯಾಕ್ ಕಾಯಿಲೆಗೆ ನೇರ ಕಾರಣವಾಗುವ ಪ್ರೋಟೀನು. ಅದರಲ್ಲಿರುವ 33 ಅಮೈನೋ ಆಮ್ಲಗಳ ಒಂದು ತುಣುಕನ್ನು ಜಠರದ, ಮೇದೋಜೀರಕ ಗ್ರಂಥಿಯ ಅಥವಾ ಕರುಳಿನ ಅಂಚಿನ ಕಿಣ್ವಗಳು ಒಡೆಯಲಾರವು ಎಂಬುದು 2002ರಲ್ಲಿ ಪ್ರಕಟವಾಯಿತು. ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಆನುವಂಶಿಕ ಗುರುತು ಇರುವ ಕೆಲವರಲ್ಲಿ ಅಂಥ ತುಣುಕುಗಳು ಕರುಳಿನ ಒಳಪದರದ ವಿರುದ್ಧವೇ ದೇಹದ ರಕ್ಷಣಾ ವ್ಯವಸ್ಥೆಯನ್ನು ಎಬ್ಬಿಸುತ್ತವೆ. ಮೇಡಂ ಅವರು ಮೆಚ್ಚಿದ ಗುಣವೇ, ಅಂದರೆ ಸುಲಭವಾಗಿ ಜೀರ್ಣವಾಗದಿರುವುದು, ಇಲ್ಲಿ ರೋಗದ ಮೂಲವಾಗಿದೆ.

ಗೋಧಿಯನ್ನು ಹೆಚ್ಚು ಉಣ್ಣುವ ಉತ್ತರ ಭಾರತದಲ್ಲಿ ಈ ಕಾಯಿಲೆ ದಕ್ಷಿಣಕ್ಕಿಂತ ಹೆಚ್ಚಾಗಿ ಕಾಣಿಸುತ್ತದೆ. ಅನೇಕರಿಗೆ ತಮಗೆ ಕಾಯಿಲೆ ಇದೆಯೆಂಬುದೇ ವರ್ಷಗಟ್ಟಲೆ ಗೊತ್ತಿರುವುದಿಲ್ಲ. ಗೋಧಿಯನ್ನು ಸಂಪೂರ್ಣ ಬಿಟ್ಟು, ತಟ್ಟೆಗೆ ಬರುವ ಪ್ರತಿಯೊಂದನ್ನೂ ವಿಚಾರಿಸಿ ಉಣ್ಣುವ ರೋಗಿಗೆ ಮಾತ್ರೆಯ ಮೂಲಕವೇ ಗ್ಲಯಾಡಿನ್ ಕೊಟ್ಟಂತಾಗಬಾರದು. ಸೋಯಾ ಪ್ರೋಟೀನಿನ ವಿಷಯದಲ್ಲಿಯೂ ಇದೇ ಮಾತು. ಅದು ಅಲರ್ಜಿ ಉಂಟುಮಾಡುವ ಆಹಾರಗಳ ಪಟ್ಟಿಯಲ್ಲಿದೆ. ಆಹಾರವಾಗಿ ಸಾವಿರಾರು ವರ್ಷ ಬಳಸಿದ್ದೇವೆ, ಆದ್ದರಿಂದ ಔಷಧದಲ್ಲಿಯೂ ನಿರಪಾಯಕಾರಿ ಎಂಬ ವಾಕ್ಯ ಪ್ರಬಂಧಗಳ ಪೀಠಿಕೆಯಲ್ಲಿ ಬರುವುದನ್ನು ನೋಡಿದಾಗ ವೈದ್ಯನಾದ ನನಗೆ ಆತಂಕವಾಗುತ್ತದೆ.

ಕಣಜ ಬರೆದದ್ದು:

ಸರ್, ತಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೂ ಗ್ಲಯಾಡಿನ್ ಕಡೆಗೆ ಸಂಶೋಧಕರು ಏಕೆ ಹೋದರು ಎಂಬುದನ್ನು ಹೇಳದಿದ್ದರೆ ಚಿತ್ರ ಅರೆಯಾಗುತ್ತದೆ. ಅದಕ್ಕೆ ಲೋಳೆಪೊರೆಗೆ ಅಂಟಿಕೊಳ್ಳುವ ಗುಣ ಬಲವಾಗಿದೆ. ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯದ ತಂಡವೊಂದು 2004ರಲ್ಲಿ ಗ್ಲಯಾಡಿನ್ ಕಣಗಳಲ್ಲಿ ಅಮಾಕ್ಸಿಸಿಲಿನ್ ತುಂಬಿ, ಹೆಲಿಕೊಬ್ಯಾಕ್ಟರ್ ಪೈಲೊರಿ ಸೋಂಕು ಇದ್ದ, ಇಲಿಯಂಥ ಪ್ರಾಣಿಗಳಾದ ಜರ್ಬಿಲ್‌ಗಳಿಗೆ ಕೊಟ್ಟು ಪರೀಕ್ಷಿಸಿತು. ಈ ಬ್ಯಾಕ್ಟೀರಿಯಾ ಜಠರದ ಲೋಳೆಯ ಅಡಿಯಲ್ಲಿ ಬದುಕುವುದರಿಂದ, ಔಷಧ ಜಠರದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ. ಅಂಟಿಕೊಳ್ಳುವ ಕಣಗಳು ಆ ಕೆಲಸವನ್ನು ಮಾಡಿದವು. ಸ್ಪೇನಿನ ನವಾರ್ರಾ ವಿಶ್ವವಿದ್ಯಾಲಯದಲ್ಲಿ ಇದಕ್ಕೂ ಮೊದಲು, 1990ರ ದಶಕದಲ್ಲಿಯೇ, ಗ್ಲಯಾಡಿನ್ ಕಣಗಳ ಕೆಲಸ ನಡೆದಿತ್ತು. ವಿಚಾರ ಗಟ್ಟಿಯಾದದ್ದೇ. ಆದರೆ ಜಠರದ ಸೋಂಕಿನಂತಹ ಸಾಮಾನ್ಯ ಕಾಯಿಲೆಗೆ, ಪತ್ತೆಯಾಗದ ಸೀಲಿಯಾಕ್ ರೋಗಿಗಳೂ ಸೇರಿದಂತೆ ಎಲ್ಲರಿಗೂ ಕೊಡಬೇಕಾದ ಔಷಧಕ್ಕೆ ಗ್ಲಯಾಡಿನ್ ತಕ್ಕುದಲ್ಲ ಎಂದೇ ನನ್ನ ತೀರ್ಮಾನ.

ಸೋಯಾ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಅದು ನೀರನ್ನು ಒಲಿಯುವ ಗೋಲಾಕಾರದ ಪ್ರೋಟೀನು. ಕ್ಯಾಲ್ಸಿಯಂ ಸೇರಿಸಿ ಜೆಲ್ ಮಾಡಲು ಸುಲಭ, ಆದರೆ ಜಠರದಲ್ಲಿ ಪ್ರೋಟೀನನ್ನು ಒಡೆಯುವ ಕಿಣ್ವವಾದ ಪೆಪ್ಸಿನ್‌ಗೆ ಬೇಗನೆ ತುತ್ತಾಗುತ್ತದೆ. ನಿಧಾನವಾಗಿ ಜೀರ್ಣವಾಗುವ, ಈ ಚರ್ಚೆಯ ಮುಖ್ಯ ಗುಣ ಅದರಲ್ಲಿಲ್ಲ.

ದೂರತೀರ ಬರೆದದ್ದು:

ನಾನು ಜರ್ಮನಿಯ ಔಷಧ ತಯಾರಿಕಾ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವ ಹಾಸನದವನು. ಡಾಕ್ಟರ್ ಸರ್ ಎತ್ತಿದ ಸುರಕ್ಷತೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ. ಬಾಯಿಯ ಮೂಲಕ ಕೊಡುವುದು ಬೇರೆ, ಚುಚ್ಚುಮದ್ದಾಗಿ ಕೊಡುವುದು ಬೇರೆ.

ಪ್ರೋಟೀನು ವಾಹಕಗಳಲ್ಲಿ ದೊಡ್ಡ ಯಶಸ್ಸು ಎಂದರೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅಬ್ರಾಕ್ಸೇನ್. ಪ್ಯಾಕ್ಲಿಟಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ನೀರಿನಲ್ಲಿ ಕರಗದ ಕಾರಣ, ಹಿಂದೆ ಅದನ್ನು ಹರಳೆಣ್ಣೆಯಿಂದ ತಯಾರಿಸಿದ ಕ್ರೆಮೋಫೋರ್ ಎಂಬ ದ್ರಾವಕದೊಂದಿಗೆ ಕೊಡುತ್ತಿದ್ದರು. ಆ ದ್ರಾವಕದಿಂದ ಕೆಲವು ರೋಗಿಗಳಿಗೆ ತೀವ್ರ ಅಲರ್ಜಿ ಆಗುತ್ತಿತ್ತು. ಅಬ್ರಾಕ್ಸೇನ್‌ನಲ್ಲಿ ಅದೇ ಔಷಧ ಸುಮಾರು 130 ನ್ಯಾನೋಮೀಟರಿನ ಆಲ್ಬುಮಿನ್ ಕಣಗಳಲ್ಲಿ ಇರುತ್ತದೆ. ಆದರೆ ಅದು ಮನುಷ್ಯರ ಆಲ್ಬುಮಿನ್. ರಕ್ತದಲ್ಲಿ ಮೊದಲಿನಿಂದಲೂ ಇರುವ ಪ್ರೋಟೀನಾದ್ದರಿಂದ ದೇಹ ಅದನ್ನು ಪರಕೀಯವೆಂದು ಕಾಣುವುದಿಲ್ಲ.

ಮೆಕ್ಕೆಜೋಳದ ಪ್ರೋಟೀನಿಗೆ ಈ ರಿಯಾಯಿತಿ ಇಲ್ಲ. ಲಂಡನ್ನಿನ ಸಂಶೋಧಕರು 2006ರಲ್ಲಿ ಝೀನ್‌ನ ಸೂಕ್ಷ್ಮ ಗೋಲಗಳನ್ನು ಇಲಿಗಳ ಸ್ನಾಯುವಿಗೆ ಚುಚ್ಚಿ ನೋಡಿದಾಗ, ಝೀನ್ ವಿರುದ್ಧವೇ ಪ್ರತಿಕಾಯಗಳು ಹುಟ್ಟಿದವು. ಬಾಯಿಯ ಮೂಲಕ ಹೋದ ಆಹಾರ ಪ್ರೋಟೀನುಗಳನ್ನು ಸಹಿಸಿಕೊಳ್ಳಲು ನಮ್ಮ ಕರುಳು ಕಲಿತಿರುತ್ತದೆ. ಸ್ನಾಯು ಮತ್ತು ರಕ್ತಕ್ಕೆ ಆ ಪಾಠ ಅನ್ವಯಿಸುವುದಿಲ್ಲ. ಆದ್ದರಿಂದ ಕ್ಯಾನ್ಸರ್ ಗೆಡ್ಡೆಗೆ ರಕ್ತದ ಮೂಲಕ ಝೀನ್ ಕಣಗಳನ್ನು ಕಳುಹಿಸುತ್ತೇವೆ ಎಂಬ ಪ್ರಬಂಧಗಳನ್ನು ಓದುವಾಗ ಎಚ್ಚರವಿರಲಿ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳಿಗೆ ಪ್ರತಿಕಾಯಗಳನ್ನು ಹುಟ್ಟಿಸುವ ಶಕ್ತಿ ಇರುವುದಿಲ್ಲ, ಹಾಗಾಗಿ ಅಲ್ಲಿ ಈ ತೊಂದರೆ ಕಾಣುವುದೇ ಇಲ್ಲ.

ಕೈಗಾರಿಕೆಯ ಇನ್ನೊಂದು ಕಷ್ಟವೆಂದರೆ ಏಕರೂಪತೆ. ಝೀನ್ ಒಂದೇ ಅಣುವಲ್ಲ; ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಎಂಬ ಗುಂಪುಗಳ ಮಿಶ್ರಣ. ಮಾರುಕಟ್ಟೆಯ ಝೀನ್‌ನಲ್ಲಿ ಆಲ್ಫಾ ಬಹುಪಾಲು ಇರುತ್ತದೆ. ತಳಿ ಮತ್ತು ಕಾರ್ಖಾನೆಯಲ್ಲಿ ಒಣಗಿಸಿದ ಶಾಖಕ್ಕೆ ತಕ್ಕಂತೆ ಅದರ ನಡವಳಿಕೆ ಬದಲಾಗುತ್ತದೆ. ಮಾತ್ರೆಯ ಮೇಲಿನ ಲೇಪನಕ್ಕೆ ಇದು ಅಡ್ಡಿಯಲ್ಲ. ಮಿಠಾಯಿ, ಬೀಜಗಳು ಮತ್ತು ಮಾತ್ರೆಗಳ ಲೇಪನವಾಗಿ ಝೀನ್ ಬಹುಕಾಲದಿಂದ ಬಳಕೆಯಲ್ಲಿದೆ, ಅಮೆರಿಕದಲ್ಲಿ ಆಹಾರಕ್ಕೆ ಸುರಕ್ಷಿತವೆಂಬ ಮಾನ್ಯತೆಯೂ ಅದಕ್ಕಿದೆ. ಆದರೆ ಔಷಧದ ಬಿಡುಗಡೆಯ ವೇಗವನ್ನೇ ನಿರ್ಧರಿಸುವ ವಾಹಕವಾಗಬೇಕಾದರೆ ಪ್ರತಿ ಸಲ ತಯಾರಾದ ಸರಕೂ ಒಂದೇ ರೀತಿ ವರ್ತಿಸಬೇಕು.

ಅಂಗಳ ಬರೆದದ್ದು:

ಒಂದು ಸಂದೇಹ. ಕ್ಯಾರೆಟ್ ಕೋಶಗಳಲ್ಲಿ ಔಷಧ ತಯಾರಿಸಿ ರೋಗಿಗಳಿಗೆ ಕೊಡುತ್ತಾರೆಂದು ಓದಿದ್ದೆ. ಈ ಚರ್ಚೆಯಲ್ಲಿ ಹೇಳುತ್ತಿರುವುದು ಅದೇ ವಿಧಾನವೇ?

ದೂರತೀರ ಬರೆದದ್ದು:

ಅಲ್ಲ. ತಾವು ಓದಿದ್ದು, ಕಿಣ್ವವೊಂದರ ಕೊರತೆಯಿಂದ ಬರುವ ಆನುವಂಶಿಕ ಕಾಯಿಲೆಯಾದ ಗೌಚರ್‌ಗೆ ಕೊಡುವ ಟ್ಯಾಲಿಗ್ಲುಸೆರೇಸ್ ಆಲ್ಫಾ ಎಂಬ ಕಿಣ್ವದ ವಿಷಯ. 2012ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅಲ್ಲಿ ಸಸ್ಯಕೋಶ ಒಂದು ಕಾರ್ಖಾನೆ ಮಾತ್ರ. ಅದರಲ್ಲಿ ತಯಾರಾಗುವುದು ಮನುಷ್ಯರ ಕಿಣ್ವ, ಅದೇ ಔಷಧ. ಇಲ್ಲಿ ಚರ್ಚಿಸುತ್ತಿರುವುದು ಗಿಡದ ಸ್ವಂತ ಪ್ರೋಟೀನನ್ನು ಬೇರೆ ಔಷಧವೊಂದನ್ನು ಹೊರಲು ಬಳಸುವುದು.

ಬಿಳಿಜೋಳ ಬರೆದದ್ದು:

ನಾನು ಧಾನ್ಯಗಳ ರಸಾಯನಶಾಸ್ತ್ರದಲ್ಲಿ ಕೆಲಸ ಮಾಡಿದವನು, ವಿಜಯಪುರ ಜಿಲ್ಲೆಯವನು. ಇಷ್ಟು ಹೊತ್ತು ಮೆಕ್ಕೆಜೋಳ ಮತ್ತು ಗೋಧಿಯ ಮಾತಾಯಿತು. ನಮ್ಮ ರೊಟ್ಟಿಯ ಜೋಳದ ಪ್ರೋಟೀನನ್ನು ಯಾರೂ ಹೆಸರಿಸಲಿಲ್ಲ. ಅದರ ಹೆಸರು ಕಾಫಿರಿನ್. ಝೀನ್‌ಗೆ ತೀರ ಹತ್ತಿರದ ಸಂಬಂಧಿ, ಆದರೆ ಝೀನ್‌ಗಿಂತಲೂ ಹೆಚ್ಚು ನೀರನ್ನು ಒಲ್ಲದ ಪ್ರೋಟೀನು. ಸೀಲಿಯಾಕ್ ರೋಗಿಗಳಿಗೆ ಜೋಳ ಹಾನಿ ಮಾಡುವುದಿಲ್ಲವಾದ್ದರಿಂದ ಡಾಕ್ಟರ್ ಸರ್ ಅವರ ಮೊದಲ ಆಕ್ಷೇಪಕ್ಕೂ ಇದು ಉತ್ತರವಾಗುತ್ತದೆ.

ಜೋಳದ ಪ್ರೋಟೀನಿನ ಬಗ್ಗೆ ಪೋಷಣಾ ವಿಜ್ಞಾನಿಗಳದು ಹಳೆಯ ದೂರು. ಜೋಳದ ಹಿಟ್ಟನ್ನು ನೀರಿನಲ್ಲಿ ಬೇಯಿಸಿದಾಗ ಅದರ ಪ್ರೋಟೀನು ಹಸಿಯಾಗಿದ್ದಾಗಿನದಕ್ಕಿಂತ ಕಡಿಮೆ ಜೀರ್ಣವಾಗುತ್ತದೆ. ಬೇರೆ ಧಾನ್ಯಗಳಲ್ಲಿ ಇಷ್ಟು ವ್ಯತ್ಯಾಸ ಕಾಣುವುದಿಲ್ಲ. ಕಾಳಿನೊಳಗೆ ಕಾಫಿರಿನ್ ಸಣ್ಣ ಗುಂಡುಗಳಾಗಿ ಕೂಡಿರುತ್ತದೆ. ಗುಂಡಿನ ಒಳಗೆ ಆಲ್ಫಾ ಕಾಫಿರಿನ್, ಹೊರ ಅಂಚಿನಲ್ಲಿ ಗಂಧಕವಿರುವ ಬೀಟಾ ಮತ್ತು ಗಾಮಾ. ಬೇಯಿಸುವಾಗ ಹೊರಗಿನವು ಗಂಧಕದ ಬಂಧಗಳಿಂದ ಒಂದಕ್ಕೊಂದು ಹೆಣೆದುಕೊಂಡು ಪೆಪ್ಸಿನ್ ಒಳಹೋಗದಂತೆ ತಡೆಯುತ್ತವೆ ಎಂಬುದು ಬಹುಮಂದಿ ಒಪ್ಪಿರುವ ವಿವರಣೆ. ಈ ಕುಂದನ್ನು ತಳಿ ಸುಧಾರಣೆಯಿಂದ ತೆಗೆದುಹಾಕಲು ಬಹಳ ಶ್ರಮಪಟ್ಟಿದ್ದಾರೆ. ಕಣಜ ಮೇಡಂ ಅವರ ವಾದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋಚುವುದಿಲ್ಲ.

ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ ವಿಶ್ವವಿದ್ಯಾಲಯದಲ್ಲಿ ಕಾಫಿರಿನ್ ಮೇಲೆ ದೀರ್ಘಕಾಲದ ಕೆಲಸ ನಡೆದಿದೆ. ಅಲ್ಲಿಯ ತಂಡ ಕಾಫಿರಿನ್ ಅನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಅದಕ್ಕೆ ನೀರು ಸೇರಿಸಿ, ಒಳಗೆ ಪೊಳ್ಳು ಕೋಣೆಗಳಿರುವ ಸೂಕ್ಷ್ಮ ಕಣಗಳನ್ನು ಪಡೆಯಿತು. ಅವುಗಳಲ್ಲಿ ಕ್ಯಾಟಿಕಿನ್ ಮತ್ತು ಜೋಳದ ಟ್ಯಾನಿನ್ ಎಂಬ ಒಗರು ಸಸ್ಯಾಂಶಗಳನ್ನು ತುಂಬಿ, ಜೀರ್ಣರಸಗಳಲ್ಲಿ ಅವು ಎಷ್ಟು ನಿಧಾನವಾಗಿ ಹೊರಬರುತ್ತವೆ ಎಂಬುದನ್ನು ಕಿಣ್ವಗಳ ಸಮ್ಮುಖದಲ್ಲಿಯೇ ನೋಡಿತು. ನಮ್ಮಲ್ಲಿ ವಿಜಯಪುರ, ಕಲಬುರಗಿ, ಬಾಗಲಕೋಟೆಗಳ ಕಪ್ಪುಮಣ್ಣಿನಲ್ಲಿ ಹಿಂಗಾರಿಗೆ ಮಾಲದಂಡಿ ಜೋಳ ಬೆಳೆಯುತ್ತೇವೆ. ಬಿಳಿಯ ಜೋಳವಾದ್ದರಿಂದ ಪ್ರೋಟೀನಿಗೆ ಅಂಟಿಕೊಂಡು ತೊಡಕು ಮಾಡುವ ಟ್ಯಾನಿನ್ ಅದರಲ್ಲಿಲ್ಲ. ನನಗೆ ಕೊರಗಿರುವುದು ಇದರ ಬಗ್ಗೆಯೇ: ಜೋಳದ ನಾಡಿನ ಫಾರ್ಮಸಿ ಕಾಲೇಜುಗಳು ಝೀನ್ ಅನ್ನು ಹೊರದೇಶದಿಂದ ತರಿಸಿ ಕೆಲಸ ಮಾಡುತ್ತವೆ, ಪಕ್ಕದ ಹೊಲದ ಕಾಳನ್ನು ಕೈಗೆತ್ತಿಕೊಳ್ಳುವುದಿಲ್ಲ.

ಕಣಜ ಬರೆದದ್ದು:

ಬಿಳಿಜೋಳ ಸರ್, ತಮ್ಮ ಬರಹಕ್ಕೆ ಕೃತಜ್ಞಳು. ಕಾಲೇಜುಗಳು ಝೀನ್ ಕಡೆಗೆ ಹೋಗಲು ಒಂದು ಪ್ರಾಯೋಗಿಕ ಕಾರಣವಿದೆ. ಮೆಕ್ಕೆಜೋಳದಿಂದ ಪಿಷ್ಟ ತೆಗೆಯುವ ಕಾರ್ಖಾನೆಗಳಲ್ಲಿ ಸುಮಾರು ಶೇಕಡ 60ರಷ್ಟು ಪ್ರೋಟೀನು ಇರುವ ಹಿಂಡಿ ಉಳಿಯುತ್ತದೆ. ಝೀನ್ ಅದರಿಂದ ಬರುತ್ತದೆ. ಜೋಳಕ್ಕೆ ಅಂಥ ಪಿಷ್ಟೋದ್ಯಮ ನಮ್ಮಲ್ಲಿ ಬೆಳೆದಿಲ್ಲ. ಕಾಫಿರಿನ್ ಬೇಕೆಂದರೆ ಹಿಟ್ಟಿನಿಂದ ನಾವೇ ತೆಗೆಯಬೇಕು.

ಈಗ ನಾನು ಮೊದಲು ಎತ್ತಿದ ಮಾತಿಗೆ ಬರುತ್ತೇನೆ; ಹೊಳೆದಂಡೆ ಅವರಂಥ ವಿದ್ಯಾರ್ಥಿಗಳಿಗಾಗಿ ಇದನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗಿದೆ. ನಮ್ಮ ಬಹುತೇಕ ಪ್ರಯೋಗಾಲಯಗಳಲ್ಲಿ ಔಷಧ ಬಿಡುಗಡೆಯನ್ನು ಅಳೆಯುವ ಕ್ರಮ ಹೀಗಿದೆ: ಕಣಗಳನ್ನು ಡಯಾಲಿಸಿಸ್ ಚೀಲದಲ್ಲಿ (ಸಣ್ಣ ಅಣುಗಳನ್ನಷ್ಟೇ ಹೊರಬಿಡುವ ಪೊರೆಯ ಚೀಲ) ಹಾಕಿ, ಪಿಎಚ್ 7.4ರ ಫಾಸ್ಫೇಟ್ ದ್ರಾವಣದಲ್ಲಿ ಇಳಿಬಿಟ್ಟು, ಗಂಟೆಗೊಮ್ಮೆ ಹೊರಗಿನ ದ್ರಾವಣವನ್ನು ತೆಗೆದು ಬಣ್ಣದ ತೀವ್ರತೆಯನ್ನು ಅಳೆಯುತ್ತಾರೆ. ಹೊರಗೆ ಕರ್ಕ್ಯುಮಿನ್ ನಿಧಾನವಾಗಿ ಬಂದರೆ, ಕಣಗಳು ಔಷಧವನ್ನು ನಿಧಾನವಾಗಿ ಬಿಡುತ್ತಿವೆ ಎಂದು ಬರೆಯುತ್ತಾರೆ.

ಈ ತೀರ್ಮಾನ ಹಲವು ಕಾರಣಗಳಿಂದ ನಿಲ್ಲುವುದಿಲ್ಲ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಅತ್ಯಲ್ಪ. ಚೀಲದ ಹೊರಗಿನ ದ್ರಾವಣ ಅದನ್ನು ಹಿಡಿದಿಟ್ಟುಕೊಳ್ಳುವಷ್ಟು ಶಕ್ತವಾಗಿರದಿದ್ದರೆ, ಕಣಗಳೇ ಇಲ್ಲದೆ ಬರಿಯ ಕರ್ಕ್ಯುಮಿನ್ ಹಾಕಿದರೂ ಅದು ನಿಧಾನವಾಗಿಯೇ ಹೊರಬರುತ್ತದೆ. ಜೊತೆಗೆ ತಟಸ್ಥ ಪಿಎಚ್‌ನಲ್ಲಿ ಕರ್ಕ್ಯುಮಿನ್ ಒಡೆದುಹೋಗುತ್ತದೆ, ಪಿಎಚ್ 7.2ರ ಫಾಸ್ಫೇಟ್ ದ್ರಾವಣದಲ್ಲಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ರಕ್ತದ ಸೀರಂ ಇಲ್ಲದಿದ್ದಾಗ, 30 ನಿಮಿಷಗಳೊಳಗೆ ಸುಮಾರು ಶೇಕಡ 90ರಷ್ಟು ನಾಶವಾಗುತ್ತದೆಂದು 1997ರಲ್ಲಿಯೇ ಪ್ರಕಟವಾಗಿದೆ. ಅಂದರೆ ಹೊರಗೆ ಕಡಿಮೆ ಕಂಡಾಗ, ಅದು ಕಣದೊಳಗೇ ಉಳಿದಿದೆಯೋ ಅಥವಾ ಹೊರಬಂದು ಹಾಳಾಯಿತೋ ಎಂಬುದು ಆ ಅಳತೆಯಿಂದ ತಿಳಿಯುವುದಿಲ್ಲ. ಪ್ರಯೋಗದ ಕೊನೆಯಲ್ಲಿ ಚೀಲವನ್ನು ಬಿಚ್ಚಿ, ಒಳಗೆ ಉಳಿದ ಕರ್ಕ್ಯುಮಿನ್ ಎಷ್ಟೆಂದು ಮದ್ಯಸಾರದಿಂದ ತೆಗೆದು ಅಳೆದು, ಒಳಗಿನದೂ ಹೊರಗಿನದೂ ಸೇರಿ ಮೊದಲು ಹಾಕಿದ ಪ್ರಮಾಣಕ್ಕೆ ಸಮವಾಗುತ್ತದೆಯೇ ಎಂದು ಲೆಕ್ಕ ಹಾಕುವ ವಿದ್ಯಾರ್ಥಿಗಳು ವಿರಳ. ಇದು ದುಬಾರಿ ಉಪಕರಣ ಬೇಡದ ಕೆಲಸ. ದಯವಿಟ್ಟು ಇದನ್ನು ತಪ್ಪದೆ ಮಾಡಿ.

ಎಲ್ಲಕ್ಕಿಂತ ಮುಖ್ಯವಾದ ಕೊರತೆ ಕಿಣ್ವಗಳದ್ದು. ವಾಹಕವೇ ಪ್ರೋಟೀನಾಗಿರುವಾಗ ಪೆಪ್ಸಿನ್ ಇಲ್ಲದ ಕೃತಕ ಜಠರರಸದಲ್ಲಿ ಪರೀಕ್ಷಿಸಿದರೆ ಕಣಗಳು ಗಟ್ಟಿಯಾಗಿ ನಿಲ್ಲುವುದು ಸಹಜವೇ. ಯುರೋಪಿನ ಹಲವು ದೇಶಗಳ ಸಂಶೋಧಕರು ಸೇರಿ 2014ರಲ್ಲಿ ಪ್ರಕಟಿಸಿ 2019ರಲ್ಲಿ ಪರಿಷ್ಕರಿಸಿದ ಇನ್ಫೋಜೆಸ್ಟ್ ಎಂಬ ಪ್ರಮಾಣಿತ ಕ್ರಮ ಎಲ್ಲರಿಗೂ ಲಭ್ಯವಿದೆ. ಅದರಂತೆ ಜಠರದ ಹಂತ ಪಿಎಚ್ 3ರಲ್ಲಿ, ಪ್ರತಿ ಮಿಲಿಲೀಟರಿಗೆ 2000 ಘಟಕಗಳ ಪೆಪ್ಸಿನ್ ಇಟ್ಟು, 2 ಗಂಟೆ. ನಂತರ ಕರುಳಿನ ಹಂತ ಪಿಎಚ್ 7ರಲ್ಲಿ, ಮೇದೋಜೀರಕ ಕಿಣ್ವಗಳು ಮತ್ತು ಪಿತ್ತಲವಣಗಳೊಂದಿಗೆ, ಇನ್ನೂ 2 ಗಂಟೆ. ಇದರಲ್ಲಿ ಝೀನ್ ಕಣಗಳು ಎಷ್ಟು ಹೊತ್ತು ಉಳಿಯುತ್ತವೆ, ಉಳಿದರೆ ಔಷಧ ಒಳಗೇ ಇದೆಯೇ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಮಾತ್ರ ವಾಹಕದ ಬಗ್ಗೆ ಮಾತಾಡುವ ಹಕ್ಕು ಬರುತ್ತದೆ.

ಕರ್ಕ್ಯುಮಿನ್ ಆಯ್ಕೆಯ ಬಗ್ಗೆಯೂ ಒಂದು ಮಾತು. ಅರಿಶಿನ ನಮಗೆ ಪ್ರಿಯವಾದದ್ದು, ಅಗ್ಗ, ಬಣ್ಣವಿರುವುದರಿಂದ ಅಳೆಯಲು ಸುಲಭ; ಇದರಿಂದಾಗಿ ಎಲ್ಲರೂ ಅದನ್ನೇ ಹಿಡಿಯುತ್ತಾರೆ. ಆದರೆ ಅಸ್ಥಿರವಾದ, ಅನೇಕ ಪರೀಕ್ಷೆಗಳಲ್ಲಿ ಸುಳ್ಳು ಫಲಿತಾಂಶ ಕೊಡಬಲ್ಲ ಅಣು ಅದೆಂದು 2017ರಲ್ಲಿ ಔಷಧ ರಸಾಯನ ತಜ್ಞರ ವಿಸ್ತಾರವಾದ ವಿಮರ್ಶೆಯೊಂದು ತೋರಿಸಿಕೊಟ್ಟಿದೆ. ವಾಹಕವನ್ನು ಪರೀಕ್ಷಿಸುವುದೇ ಉದ್ದೇಶವಾದರೆ, ಈಗಾಗಲೇ ರೋಗಿಗಳಿಗೆ ಕೊಡುತ್ತಿರುವ, ನೀರಿನಲ್ಲಿ ಕರಗದ, ಸ್ಥಿರವಾದ ಔಷಧವೊಂದನ್ನು ಆರಿಸುವುದು ಲೇಸು. ಚೀನಾದ ಸಂಶೋಧಕರು 2005ರಲ್ಲಿ ಝೀನ್ ಗೋಲಗಳಲ್ಲಿ ಪರೋಪಜೀವಿಗಳ ವಿರುದ್ಧದ ಔಷಧವಾದ ಐವರ್ಮೆಕ್ಟಿನ್ ತುಂಬಿ ನೋಡಿದ್ದು ಅಂಥ ಆಯ್ಕೆಗೆ ಒಂದು ಉದಾಹರಣೆ.

ಹೊಳೆದಂಡೆ ಬರೆದದ್ದು:

ಮೇಡಂ, ಸೇರಿಸುವ ದಿಕ್ಕನ್ನು ಬದಲಿಸಿದ ಮೇಲೆ ಮುದ್ದೆ ಕಟ್ಟುವುದು ನಿಂತಿದೆ. ದ್ರಾವಣ ತಾವು ಹೇಳಿದ ಹಾಗೆಯೇ ತಿಳಿಹಳದಿಯಾಗಿ ಬಂದಿದೆ. ವಿಷಯ ನೋಂದಣಿ ಆಗಿರುವುದರಿಂದ ಕರ್ಕ್ಯುಮಿನ್ ಬದಲಿಸಲಾರೆ, ಆದರೆ ಪೆಪ್ಸಿನ್ ಇರುವ ಮತ್ತು ಇಲ್ಲದ ಎರಡೂ ಪರೀಕ್ಷೆಗಳನ್ನು, ಚೀಲದೊಳಗಿನ ಉಳಿಕೆಯ ಲೆಕ್ಕವನ್ನು ಸೇರಿಸುತ್ತೇನೆ.

ಸೂಳೆಕೆರೆ ಬರೆದದ್ದು:

ನಾನು ದಾವಣಗೆರೆ ಜಿಲ್ಲೆಯಲ್ಲಿ ಮೆಕ್ಕೆಜೋಳ ಬೆಳೆಯುವವನು. ಇಲ್ಲಿಯ ಚರ್ಚೆಯ ಅರ್ಧ ಭಾಗ ನನಗೆ ತಿಳಿಯಿತು. ಔಷಧಕ್ಕೆ ಇದು ಬಳಕೆಯಾದರೆ ನಮ್ಮ ಕಾಳಿಗೆ ಬೇಡಿಕೆ ಹೆಚ್ಚಬಹುದೇ ಎಂಬುದನ್ನು ತಿಳಿಸಿರಿ.

ದೂರತೀರ ಬರೆದದ್ದು:

ಸೂಳೆಕೆರೆ ಅವರೇ, ತಮಗೆ ಸುಳ್ಳು ಭರವಸೆ ಕೊಡಲಾರೆ. ಮೆಕ್ಕೆಜೋಳದ ಬೆಲೆಯನ್ನು ನಿರ್ಧರಿಸುವುದು ಕೋಳಿ ಆಹಾರ, ಪಿಷ್ಟ ಮತ್ತು ಎಥನಾಲ್ ಕಾರ್ಖಾನೆಗಳು. ಔಷಧ ವಾಹಕಕ್ಕೆ ಬೇಕಾಗುವ ಪ್ರಮಾಣ ಅವುಗಳ ಮುಂದೆ ಲೆಕ್ಕಕ್ಕೆ ಬರುವುದಿಲ್ಲ; ಅದೂ ಪಿಷ್ಟ ತೆಗೆದ ಮೇಲೆ ಉಳಿದ ಹಿಂಡಿಯಿಂದಲೇ ದೊರೆಯುತ್ತದೆ. ಆದರೆ ಗುಣಮಟ್ಟದ ಮಾತು ಬೇರೆ. ತೇವ ಆರದ ಕಾಳಿಗೆ ಬೂಷ್ಟು ಹಿಡಿದರೆ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ನೀರು ಬೆರೆತ ಮದ್ಯಸಾರದಲ್ಲಿ ಕರಗುವುದರಿಂದ, ಝೀನ್ ತೆಗೆಯುವಾಗ ಅದರ ಜೊತೆಗೇ ಬರಬಲ್ಲದು. ಔಷಧಕ್ಕೆ ಹೋಗುವ ಸರಕಿನಲ್ಲಿ ಇದನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ. ಸರಿಯಾಗಿ ಒಣಗಿಸಿದ, ಮೂಲ ದಾಖಲೆಯಿರುವ ಕಾಳಿಗೆ ಒಂದು ಸಣ್ಣ ಪ್ರತ್ಯೇಕ ಮಾರುಕಟ್ಟೆ ಹುಟ್ಟಬಹುದೇ ಹೊರತು ಎಪಿಎಂಸಿಯ ದರ ಏರುವುದಿಲ್ಲ.

ನಾಡಿಮಿಡಿತ ಬರೆದದ್ದು:

ಬಿಳಿಜೋಳ ಅವರ ಕಾಫಿರಿನ್ ವಿವರಣೆ ನನಗೆ ಹಿಡಿಸಿತು. ಆದರೆ ವೈದ್ಯನಾಗಿ ಇನ್ನೊಂದು ಪ್ರಶ್ನೆ ಕೇಳಬೇಕಾಗಿದೆ. ಕಣ ತೀರ ನಿಧಾನವಾಗಿ ಜೀರ್ಣವಾದರೆ, ಔಷಧ ಹೀರಲ್ಪಡಬೇಕಾದ ಸಣ್ಣ ಕರುಳನ್ನು ದಾಟಿ ದೊಡ್ಡ ಕರುಳಿಗೆ ಹೋಗಿಬಿಡುತ್ತದೆ. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಗೆ ಇದು ವರವೇ ಆಗಬಹುದು. ಅಲ್ಲಿಗೆ ತಲುಪುವ ಮೊದಲೇ ಹೀರಿಹೋಗಬಾರದ ಔಷಧಗಳು ನಮಗೆ ಬೇಕು. ಆದರೆ ರಕ್ತ ಸೇರಬೇಕಾದ ಔಷಧಕ್ಕೆ ಅದು ನಷ್ಟ. ಆದ್ದರಿಂದ ಯಾವ ಕಾಯಿಲೆಗೆ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಪ್ರೋಟೀನನ್ನು ಆರಿಸಿರಿ.

ಕಣಜ ಬರೆದದ್ದು:

ಸರ್ ಹೇಳಿದ ಕ್ರಮವೇ ಸರಿಯಾದದ್ದು. ದೊಡ್ಡ ಕರುಳಿನ ಉರಿಯೂತಕ್ಕೆ ಕೊಡುವ ಔಷಧವೊಂದನ್ನು ಇಟ್ಟುಕೊಂಡು, ಝೀನ್ ಮತ್ತು ಕಾಫಿರಿನ್ ಕಣಗಳನ್ನು ಒಂದೇ ಗಾತ್ರದಲ್ಲಿ ತಯಾರಿಸಿ, ಎರಡನ್ನೂ ಇನ್ಫೋಜೆಸ್ಟ್ ಕ್ರಮದಲ್ಲಿ ಅಕ್ಕಪಕ್ಕ ಪರೀಕ್ಷಿಸುವ ಕೆಲಸವನ್ನು ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ವಹಿಸಬೇಕೆಂದಿದ್ದೇನೆ. ಬಿಳಿಜೋಳ ಸರ್, ಕಾಫಿರಿನ್ ತೆಗೆಯುವ ಕ್ರಮವನ್ನು ದಯವಿಟ್ಟು ಇಲ್ಲಿ ಬರೆಯಿರಿ.

ಬಿಳಿಜೋಳ ಬರೆದದ್ದು:

ಸಂತೋಷದಿಂದ ಬರೆಯುತ್ತೇನೆ. ಮೊದಲು ಕಾಳಿನ ಹೊರಸಿಪ್ಪೆ ತೆಗೆಸಿ ಬೀಸಿ, ಹಿಟ್ಟಿನ ಎಣ್ಣೆಯಂಶವನ್ನು ಹೆಕ್ಸೇನ್‌ನಿಂದ ತೊಳೆದು ಒಣಗಿಸಿ. ಎಣ್ಣೆ ಉಳಿದರೆ ಪ್ರೋಟೀನು ಕಮಟು ವಾಸನೆ ಹಿಡಿಯುತ್ತದೆ. ನಂತರ ಶೇಕಡ 70ರ ಎಥನಾಲ್‌ನಲ್ಲಿ ಸೋಡಿಯಂ ಮೆಟಾಬೈಸಲ್ಫೈಟ್ ಮತ್ತು ಅತ್ಯಲ್ಪ ಸೋಡಿಯಂ ಹೈಡ್ರಾಕ್ಸೈಡ್ ಸೇರಿಸಿ, 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಕಲಕಿ. ಮೆಟಾಬೈಸಲ್ಫೈಟ್ ಇಲ್ಲದಿದ್ದರೆ ಗಂಧಕದ ಬಂಧಗಳು ಬಿಡದೆ ಇಳುವರಿ ಬಹಳ ಕಡಿಮೆಯಾಗುತ್ತದೆ. ಬಿಸಿಯಿರುವಾಗಲೇ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಗಷ್ಟನ್ನು ತಳಕ್ಕಿಳಿಸಿ), ಮೇಲಿನ ತಿಳಿಯನ್ನು ಬಸಿದು, ಮದ್ಯಸಾರವನ್ನು ಆವಿಯಾಗಿಸಿ, ಉಳಿದದ್ದಕ್ಕೆ ತಣ್ಣೀರು ಹಾಕಿ ಪಿಎಚ್ ಅನ್ನು 5ರ ಹತ್ತಿರ ತಂದರೆ ಕಾಫಿರಿನ್ ತಳಕ್ಕೆ ಇಳಿಯುತ್ತದೆ.

ಮುಂದಿನ ಹಂತದಲ್ಲಿ ಅವಸರ ಬೇಡ. ತಳಕ್ಕಿಳಿದದ್ದನ್ನು ಮೆಟಾಬೈಸಲ್ಫೈಟ್‌ನ ಉಳಿಕೆ ಹೋಗುವವರೆಗೆ ತಣ್ಣೀರಿನಿಂದ ಮತ್ತೆ ಮತ್ತೆ ತೊಳೆಯಬೇಕು. ಸಲ್ಫೈಟ್ ಕೆಲವು ಆಸ್ತಮಾ ರೋಗಿಗಳಿಗೆ ಆಗದು ಎಂಬುದು ಒಂದು ಕಾರಣ. ಅದು ಉಳಿದರೆ ಕಣ ತಯಾರಾಗುವಾಗ ಗಂಧಕದ ಬಂಧಗಳು ಮತ್ತೆ ಕೂಡಿಕೊಳ್ಳದೆ, ತಾವು ಕಾಫಿರಿನ್‌ನಲ್ಲಿ ಹುಡುಕುತ್ತಿರುವ ನಿಧಾನ ಜೀರ್ಣದ ಗುಣವೇ ಕುಗ್ಗಬಹುದು ಎಂಬುದು ಇನ್ನೊಂದು. ಒಣಗಿಸುವಾಗ ಹೆಚ್ಚು ಕಾವು ಕೊಡಬೇಡಿ. ಶೀತಲ ಶುಷ್ಕೀಕರಣ ಇದ್ದರೆ ಉತ್ತಮ. ಕಾಳು ಆರಿಸುವಾಗ ಒಂದೇ ಹೊಲದ, ಒಂದೇ ಹಂಗಾಮಿನ ಮಾಲದಂಡಿಯನ್ನು ತೆಗೆದುಕೊಂಡು, ಪೂರ್ತಿ ಯೋಜನೆಗೆ ಸಾಕಾಗುವಷ್ಟನ್ನು ಮೊದಲೇ ಶೇಖರಿಸಿ ಇಡಿ. ಹಿಂಗಾರಿನ ಸುಗ್ಗಿ ಮುಗಿದ ಮೇಲೆ ಬೇಕಾದ ಕಾಳನ್ನು ನಮ್ಮೂರಿನಿಂದ ಕಳುಹಿಸಿಕೊಡುವ ವ್ಯವಸ್ಥೆಯನ್ನು ನಾನು ಮಾಡುತ್ತೇನೆ.